ಆರು ನಿಮಿಷದಿಂದ ಅರ್ಧ ನಿಮಿಷಕ್ಕೆ: ಎಚ್61 ಬೋರ್ಡಿನ ಮೇಲೆ ನನ್ನ ಅನುಭವ

ನಮ್ಮ ಮನೆಯ ಕಂಪ್ಯೂಟರ್ 2013ರಲ್ಲಿ ಕೊಂಡದ್ದು. ಥರ್ಡ್ ಜನರೇಶನ್ ಐ3 ಪ್ರೊಸೆಸರ್, ಎಚ್61 ಮದರ್‌ಬೋರ್ಡ್ (ಎಲ್ಲಾ ಭಾಗ ಕೂರುವ ಮುಖ್ಯ ಬೋರ್ಡ್), 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಬಾಗಲಕೋಟೆ ನವನಗರದಲ್ಲಿ ಇದೇ ಸೆಟ್ಟು ಇನ್ನೂ ಎಷ್ಟೋ ಮನೆಗಳಲ್ಲಿದೆ. ಹೋದ ಬೇಸಿಗೆಗೆ ಇದು ಚಾಲೂ ಆಗಲು ಆರು ನಿಮಿಷ ಹಿಡಿಯುತ್ತಿತ್ತು. ಬಟನ್ ಒತ್ತಿದಾಗಿನಿಂದ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ತೆರೆದು ಒಂದು ಅಕ್ಷರ ಮೂಡುವವರೆಗಿನ ಲೆಕ್ಕ ಅದು. ಡೆಸ್ಕ್‌ಟಾಪ್ ಕಂಡ ಕೂಡಲೇ ಗಡಿಯಾರ ನಿಲ್ಲಿಸುವವರ ಲೆಕ್ಕ ನಾನು ಒಪ್ಪುವುದಿಲ್ಲ.

ನನ್ನ ಹೆಂಡತಿ ಗುಳೇದಗುಡ್ಡದ ಖಣ ತಂದು ಮಾರುತ್ತಾಳೆ. ಆರ್ಡರು, ಬಾಕಿ ಎಲ್ಲಾ ಇದರಲ್ಲೇ ಇದೆ. "ಇದು ಚಾಲೂ ಆಗೂದ್ರಾಗ ನಾ ನಾಕ್ ರೊಟ್ಟಿ ಬಡೀತೀನ್ರಿ" ಅಂತ ದಿನಾ ಹೇಳುತ್ತಿದ್ದಳು.

ಮೊದಲು ಒಂದು ಅಂಗಡಿಗೆ ಒಯ್ದೆ. ಫಾರ್ಮ್ಯಾಟ್ ಮಾಡಿ 500 ರೂಪಾಯಿ ತೆಗೆದುಕೊಂಡರು. ಮೂರೂವರೆ ನಿಮಿಷಕ್ಕೆ ಬಂತು. ಮೂರು ವಾರ ಕಳೆಯುವುದರಲ್ಲಿ ಮತ್ತೆ ಆರಕ್ಕೆ ಹೋಯಿತು. ಆಮೇಲೆ ಸೆಕೆಂಡ್ ಹ್ಯಾಂಡ್ 4 ಜಿಬಿ ಡಿಡಿಆರ್3 ರ್‍ಯಾಮ್ ಹಾಕಿಸಿದೆ, ಹೆಚ್ಚುಕಡಿಮೆ 700. ಬ್ರೌಸರ್ ಸರಾಗ ಆಯಿತು ನಿಜ, ಆದರೆ ಚಾಲೂ ಆಗುವ ಹೊತ್ತಿನಲ್ಲಿ ಕಡಿಮೆ ಆದದ್ದು 20, 25 ಸೆಕೆಂಡು ಅಷ್ಟೇ. ಇನ್ನೊಬ್ಬರ ಮಾತು ಕೇಳಿ ಆಂಟಿವೈರಸ್‌ಗೆ 600 ಕೊಟ್ಟೆ. ಅದರಿಂದ ಇನ್ನೂ ನಿಧಾನ ಆಯಿತು, ತೆಗೆದುಹಾಕಿದೆ. ಹೀಗೆ 1,800 ರೂಪಾಯಿ ಹೋಯಿತು. ಅಂಗಡಿಯವರು ಕೊನೆಗೆ ಹೊಸ ಸೆಟ್ಟಿಗೆ 32 ಸಾವಿರದ ಕೊಟೇಶನ್ ಬರೆದುಕೊಟ್ಟರು.

ನಾನು ತಿರುಗುವ ಹಾರ್ಡ್ ಡಿಸ್ಕಿನ ಬದಲು ಚಿಪ್ಪಿನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಹಾಕುತ್ತೇನೆ ಅಂದಾಗ ಯಾರೂ ಒಪ್ಪಲಿಲ್ಲ. ಎಚ್61ನಲ್ಲಿ ಇರುವುದೆಲ್ಲ ಸಾಟಾ 2 ಪೋರ್ಟು (ಡಿಸ್ಕ್ ಜೋಡಿಸುವ ಕಿಂಡಿ), ಸೆಕೆಂಡಿಗೆ 300 ಎಂಬಿ ಮೇಲೆ ಹೋಗುವುದಿಲ್ಲ, ಅದಕ್ಕೆ ದುಡ್ಡು ದಂಡ ಅನ್ನುವುದು ಅವರ ವಾದ. ಜಮಖಂಡಿಯ ನನ್ನ ಷಡ್ಡಕ ಈ ಕೆಲಸದಲ್ಲಿ ಪಳಗಿದವರು. ಅವರೂ, "ಚಕ್ಕಡಿಗೆ ವಿಮಾನದ ಗಾಲಿ ಹಾಕಿದಂಗ ಆಕ್ಕೈತಿ, ಸುಮ್ನ ರೊಕ್ಕಾ ಹಾಳ ಮಾಡಬ್ಯಾಡ್ರಿ" ಅಂದರು. ನನ್ನ ಎಣಿಕೆ ಬೇರೆ ಇತ್ತು. ಚಾಲೂ ಆಗುವಾಗ ವಿಂಡೋಸ್ ಓದುವುದು ಸಾವಿರಾರು ಚೂರು ಫೈಲು. ಅಂಥ ಚೂರು ಓದಿನಲ್ಲಿ ನಮ್ಮ ಹಳೆ ಡಿಸ್ಕು ಸೆಕೆಂಡಿಗೆ ಒಂದು ಎಂಬಿ ಕೂಡ ಕೊಡುತ್ತಿರಲಿಲ್ಲ. 300ರ ಮಿತಿ ಅಲ್ಲಿ ಅಡ್ಡ ಬರುವುದೇ ಇಲ್ಲ, ಅಲ್ವಾ?

ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ನೋಡಿದರೆ ಹಳದಿ ಬಣ್ಣ, ಅಂದರೆ ಎಚ್ಚರಿಕೆ. ಸಿ5, ಅಂದರೆ ಓದಲು ತಕರಾರು ಮಾಡುವ ಪೆಂಡಿಂಗ್ ಸೆಕ್ಟರುಗಳ ಎಣಿಕೆ, ಮೂವತ್ತರ ಹತ್ತಿರ ಇತ್ತು. ಆ ತಂತ್ರಾಂಶ ಈ ಎಣಿಕೆಯನ್ನು (ರಾ ವ್ಯಾಲ್ಯೂ) ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ, ತೋರಿಸುತ್ತದೆ, ಡೆಸಿಮಲ್‌ಗೆ ಬದಲಿಸಿಯೇ ನೋಡಿ. ಸಿ7, ಅಂದರೆ ಡೇಟಾ ಸಾಗುವಾಗಿನ ತಪ್ಪುಗಳ ಎಣಿಕೆ, ಮೂರಂಕಿ ದಾಟಿತ್ತು. ಅದು ಕೇಬಲ್ ತಕರಾರು. 50 ರೂಪಾಯಿಯ ಹೊಸ ಸಾಟಾ ಕೇಬಲ್ ಹಾಕಿದ ಮೇಲೆ ಆ ಎಣಿಕೆ ಅಲ್ಲಿಗೇ ನಿಂತಿತು. ಫಾರ್ಮ್ಯಾಟ್ ಮಾಡಿದವರು ಇದನ್ನು ಎರಡು ನಿಮಿಷ ತೆರೆದು ನೋಡಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

240 ಜಿಬಿ ಎಸ್‌ಎಸ್‌ಡಿ ತಂದೆ, 1,700 ಚಿಲ್ಲರೆ. ಮತ್ತೆ ಹೊಸದಾಗಿ ವಿಂಡೋಸ್ ಹಾಕುವುದು ನನಗೆ ಬೇಡವಾಗಿತ್ತು. ಹೆಂಡತಿಯ ಲೆಕ್ಕ, ಮಗಳ ಪ್ರಾಜೆಕ್ಟು, ಪ್ರಿಂಟರ್ ಡ್ರೈವರು ಎಲ್ಲಾ ಇದ್ದ ಹಾಗೇ ಬರಬೇಕಿತ್ತು. ಫೋಟೋ, ಲೆಕ್ಕ ಮೊದಲು ಹೊರಗಿನ ಡಿಸ್ಕಿಗೆ ಇಳಿಸಿಕೊಂಡು, ಡಿಸ್ಕನ್ನು ಇದ್ದ ಹಾಗೇ ನಕಲು ಮಾಡುವ ಕ್ಲೋನ್‌ಜಿಲ್ಲಾ ಹಚ್ಚಿದೆ. ಮೊದಲ ಸಲ ಕೆಟ್ಟ ಸೆಕ್ಟರ್ ಹತ್ತಿರ ನಿಂತಿತು. ಎರಡನೇ ಸಲ ಮಧ್ಯಾಹ್ನ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಹತ್ತು ನಿಮಿಷವೂ ತಡೆಯಲಿಲ್ಲ. ಮೂರನೇ ಸಲ ರಾತ್ರಿ ಹನ್ನೊಂದಕ್ಕೆ ಕೂತೆ. ಸಿ ಡ್ರೈವ್ ಮತ್ತು ಅದರ ಮುಂದಿನ ಸಣ್ಣ ಸಿಸ್ಟಮ್ ಪಾರ್ಟಿಶನ್ ಮಾತ್ರ ತೆಗೆದುಕೊಂಡೆ. ಕೆಟ್ಟ ಸೆಕ್ಟರುಗಳನ್ನು ದಾಟಿಸಲು ನನ್ನದೇ ಒಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಡಿಸ್ಕಿನ ಸ್ಥಿತಿ ನೋಡದೆ ಅದನ್ನು ಮಾಡಲು ಹೋದರೆ ಇದ್ದದ್ದೂ ಹೋಗುತ್ತದೆ. ಬೆಳಗಿನ ಜಾವ ಎರಡೂವರೆಗೆ ಮುಗಿಯಿತು.

ಖುಷಿಯಲ್ಲಿ ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲು ಏಳುವ, ಬೋರ್ಡಿನದೇ ತಂತ್ರಾಂಶ) ಹೋಗಿ, ಡಿಸ್ಕಿನ ಜೊತೆ ಮಾತಾಡುವ ಕ್ರಮ ಹಳೆಯ ಐಡಿಇ ಇದ್ದದ್ದನ್ನು ಹೊಸ ಎಎಚ್‌ಸಿಐ ಮಾಡಿದೆ. ತಕ್ಷಣ ನೀಲಿ ಪರದೆ, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್, ಅಂದರೆ ಚಾಲೂ ಮಾಡುವ ಡಿಸ್ಕು ಸಿಗುತ್ತಿಲ್ಲ. ವಾಪಸ್ ಐಡಿಇ ಮಾಡಿ, ವಿಂಡೋಸ್‌ನ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ಆಮೇಲೆ ಎಎಚ್‌ಸಿಐಗೆ ಬದಲಿಸಿದೆ. ಸೇಫ್ ಮೋಡ್‌ನಲ್ಲಿ ಒಮ್ಮೆ ಏರಿತು, ಟಿಕ್ ತೆಗೆದೆ, ಸರಿ ಹೋಯಿತು. ಇದರಿಂದ ಕಡಿಮೆ ಆದದ್ದು ಎರಡು ಸೆಕೆಂಡು ಮಾತ್ರ. ಆದರೂ ಅದು ಎಎಚ್‌ಸಿಐನಲ್ಲೇ ಇರಬೇಕು.

ಈಗ ಹೊತ್ತು ಎಷ್ಟು? ಒಂದೂವರೆ ನಿಮಿಷ. ಆರರಿಂದ ಒಂದೂವರೆ ಅಂದರೆ ಒಳ್ಳೆಯದೇ. ಆದರೆ ಎಸ್‌ಎಸ್‌ಡಿಗೆ ಇದು ಜಾಸ್ತಿ ಅನಿಸಿತು. ಷಡ್ಡಕನಿಗೆ ಫೋನ್ ಮಾಡಿದರೆ, "ನಾ ಹೇಳಿದ್ನಿಲ್ಲ, ಬೋರ್ಡೇ ಹಳೀದು" ಅಂದರು. ಅಂದು ಊಟ ಸೇರಲಿಲ್ಲ.

ದಾರಿ ತೋರಿಸಿದ್ದು ವಿಂಡೋಸ್ ತನ್ನ ದಾಖಲೆ ಇಡುವ ಈವೆಂಟ್ ವ್ಯೂವರ್. ಡಯಾಗ್ನೋಸ್ಟಿಕ್ಸ್ ಪರ್ಫಾರ್ಮನ್ಸ್ ಒಳಗೆ ಈವೆಂಟ್ 100 ಇರುತ್ತದೆ, ಬೂಟ್ ಸಮಯ ಮಿಲಿಸೆಕೆಂಡಿನಲ್ಲಿ. ಅಲ್ಲಿ ಇದ್ದದ್ದು ಸುಮಾರು 24 ಸಾವಿರ, ಅಂದರೆ 24 ಸೆಕೆಂಡು. ನನ್ನ ಮೊಬೈಲಿನ ಸ್ಟಾಪ್‌ವಾಚ್ ಹೇಳುತ್ತಿದ್ದದ್ದು 90. ಉಳಿದ 66 ಎಲ್ಲಿ ಹೋಯಿತು? ಆ ಲೆಕ್ಕ ಶುರುವಾಗುವುದೇ ವಿಂಡೋಸ್‌ನಿಂದ. ಅದಕ್ಕಿಂತ ಮುಂಚೆ ಬಯಾಸ್ ಏನು ಮಾಡುತ್ತಿದೆ ಅನ್ನುವುದು ಅದರಲ್ಲಿ ಬರುವುದಿಲ್ಲ. ಪರದೆ ಕಪ್ಪಗೆ ನಿಂತ ಹೊತ್ತನ್ನೇ ಬೇರೆ ಅಳೆದೆ. ಬಹುಪಾಲು ಅಲ್ಲೇ ಇತ್ತು.

ಎಲ್ಲರೂ ಮಾಡುವಂತೆ ನಾನೂ ಹಳೆ ಡಿಸ್ಕನ್ನು ಡಿ ಡ್ರೈವ್ ಅಂತ ಒಳಗೇ ಉಳಿಸಿದ್ದೆ. ಸಾಯುತ್ತಿರುವ ಡಿಸ್ಕು ಉತ್ತರ ಕೊಡಲಿ ಅಂತ ಬಯಾಸ್ ಕಾಯುತ್ತಾ ಕೂತಿತ್ತು. ಅದರ ಎರಡೂ ಕೇಬಲ್ ಕಿತ್ತೆ. 28 ಸೆಕೆಂಡು! ನಂಬಿಕೆ ಬರದೆ ಮತ್ತೆ ಹಚ್ಚಿ ನೋಡಿದೆ, 90. ಕಿತ್ತೆ, 28. ಹೀಗೆ ನಾಲ್ಕು ಸಲ ಮಾಡಿದೆ. ಎಸ್‌ಎಸ್‌ಡಿ ಹಾಕಿಯೂ ಸುಖ ಕಾಣದವರು ಮೊದಲು ಇದನ್ನು ನೋಡಿ.

ಅಳೆಯುವಾಗ ಫಾಸ್ಟ್ ಸ್ಟಾರ್ಟಪ್ (ಶಟ್‌ಡೌನ್ ಆಗುವಾಗ ವಿಂಡೋಸ್‌ನ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿಡುವುದು) ಆಫ್ ಇಟ್ಟಿದ್ದೆ. ಇಲ್ಲದಿದ್ದರೆ ಶಟ್‌ಡೌನ್ ಮಾಡಿ ಏರಿಸಿದ್ದಕ್ಕೂ ರೀಸ್ಟಾರ್ಟ್ ಮಾಡಿದ್ದಕ್ಕೂ ಲೆಕ್ಕ ತಾಳೆ ಆಗುವುದಿಲ್ಲ.

ಕೈ ಸುಮ್ಮನಿರಲಿಲ್ಲ, ಇನ್ನೂ ಕೆಲವನ್ನು ನೋಡಿದೆ. ಹಳೆ ಡಿಸ್ಕಿನ ಕಾಲದಲ್ಲೇ 8 ಜಿಬಿ ಪೆನ್‌ಡ್ರೈವ್‌ಗೆ ರೆಡಿಬೂಸ್ಟ್ (ವೇಗಕ್ಕೆ ಪೆನ್‌ಡ್ರೈವ್ ಬಳಸುವ ವಿಂಡೋಸ್ ಸೌಲಭ್ಯ) ಹಾಕಿದ್ದೆ, ಏನೂ ಫರಕ್ ಬೀಳಲಿಲ್ಲ. ಡಬ್ಬಿಯೊಳಗಿನ ಧೂಳು ಬ್ಲೋವರ್‌ನಿಂದ ಊದಿ, ಪ್ರೊಸೆಸರಿಗೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆ. ಚಾಲೂ ಆಗುವ ಹೊತ್ತು ಬದಲಾಗಲಿಲ್ಲ. ಆದರೆ ನಮ್ಮ ಊರಿನ ಏಪ್ರಿಲ್ ಬಿಸಿಲಿಗೂ ಫ್ಯಾನ್ ಕಿರಿಚುವುದು ನಿಂತಿತು. ಬಯಾಸ್ ಸೆಟ್ಟಿಂಗ್ ಹಿಡಿದಿಡುವ 30 ರೂಪಾಯಿಯ ಸಿಆರ್2032 ಸೆಲ್ಲನ್ನೂ ಬದಲಿಸಿದೆ. ಇದು ಕಡ್ಡಾಯ. ಸೆಲ್ ಸತ್ತರೆ ಬಯಾಸ್ ಫ್ಯಾಕ್ಟರಿ ಸೆಟ್ಟಿಂಗಿಗೆ ಮರಳುತ್ತದೆ. ನನ್ನ ಬೋರ್ಡಿನಲ್ಲಿ ಅದು ಐಡಿಇ, ಅಂದರೆ ಮತ್ತೆ ನೀಲಿ ಪರದೆ. ಎಫ್1 ಒತ್ತು ಅನ್ನುವ ಕಾಟ ಬೇರೆ.

ಕೆಲಸಕ್ಕೆ ಬಂದ ಖರ್ಚು ಎಸ್‌ಎಸ್‌ಡಿ, ಕೇಬಲ್, ಸೆಲ್, ಪೇಸ್ಟ್ ಎಲ್ಲಾ ಸೇರಿ 2,000ದ ಒಳಗೆ. ಇದರಲ್ಲಿರುವ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಈ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಒಂದು ವರ್ಷದ ಹೆಚ್ಚುವರಿ ಸೆಕ್ಯೂರಿಟಿ ಅಪ್‌ಡೇಟಿಗೆ ನೋಂದಾಯಿಸಿದ್ದೇನೆ. ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ಪೆನ್‌ಡ್ರೈವ್‌ನಿಂದ ಏರಿಸಿ ನೋಡಿದ್ದೇನೆ, ಚೆನ್ನಾಗಿ ಓಡುತ್ತದೆ. ನುಡಿಯ ಹಳೆ ಫೈಲುಗಳನ್ನು ಯೂನಿಕೋಡ್ ಮಾಡುವುದೊಂದು ಬಾಕಿ.

ಇದಾದ ಮೇಲೆ ನವನಗರದ ನಮ್ಮ ಸೆಕ್ಟರಿನಲ್ಲೇ ಏಳೆಂಟು ಮನೆಯ ಕಂಪ್ಯೂಟರ್ ಮಾಡಿಕೊಟ್ಟೆ. ಒಂದೂ ಕೈಕೊಟ್ಟಿಲ್ಲ. ಮೊನ್ನೆ ಭಾನುವಾರ ಷಡ್ಡಕ ಜಮಖಂಡಿಯಿಂದ ತಮ್ಮದನ್ನೇ ಕಾರಿನಲ್ಲಿ ಹಾಕಿಕೊಂಡು ಬಂದರು. "ಆ ಕ್ಲೋನ್ ಹೆಂಗ್ ಮಾಡಿದ್ರಿ, ನನಗಾರೆ ಹೇಳ್ರಿ" ಅಂದರು. ಪಕ್ಕಕ್ಕೆ ಕೂರಿಸಿಕೊಂಡು ತೋರಿಸಿದೆ. ಅವರ ಡಿಸ್ಕಿನಲ್ಲಿ ಸಿ5 ನನ್ನದಕ್ಕಿಂತ ಜಾಸ್ತಿ ಇದೆ, ಎರಡು ರಾತ್ರಿ ಹಿಡಿಯಿತು. ಈಗ ಅದು 31 ಸೆಕೆಂಡಿನಲ್ಲಿದೆ.