ಶಿರಸಿಯ ನಮ್ಮ ಲ್ಯಾಬಿನಲ್ಲಿ ಓಪನ್ ವಿಸ್ವಿಚ್: ಸೋರ್ಸ್ ಕೋಡ್‌ನಿಂದ ಬಿಲ್ಡ್ ಮಾಡಿದ ಅನುಭವ

ಕಂಪ್ಯೂಟರಿನ ಒಳಗೇ ಓಡುವ ಒಂದು ನೆಟ್‌ವರ್ಕ್ ಸ್ವಿಚ್ ಬೇಕು ಅಂದರೆ ಉಬುಂಟುವಿನಲ್ಲಿ ಅದು ಒಂದು ಸಾಲಿನ ಕೆಲಸ. ಅಂಥ ಒಂದು ಸ್ವಿಚ್ ಓಪನ್ ವಿಸ್ವಿಚ್. ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಕಮಾಂಡ್ ಆದ ಆಪ್ಟ್‌ನಿಂದ ‘ಓಪನ್‌ವಿಸ್ವಿಚ್-ಸ್ವಿಚ್’ ಪ್ಯಾಕೇಜ್ ಹಾಕಿದರೆ ಸಾಕು. ಸ್ವಿಚ್ ಬರೀ ಬಳಸಬೇಕು ಅನ್ನುವವರಿಗೆ ನಾನು ಈಗಲೂ ಅದನ್ನೇ ಹೇಳುತ್ತೇನೆ.

ನಾವು ಸೋರ್ಸ್‌ನಿಂದ ಬಿಲ್ಡ್ ಮಾಡಿದ್ದಕ್ಕೆ, ಅಂದರೆ ಮೂಲ ಕೋಡ್ ತಂದು ಪ್ರೋಗ್ರಾಂ ನಾವೇ ತಯಾರಿಸಿಕೊಂಡಿದ್ದಕ್ಕೆ, ಕಾರಣ ಬೇರೆ. ಶಿರಸಿಯಲ್ಲಿ ನಾನು ನಡೆಸುವ ಸಣ್ಣ ಲ್ಯಾಬಿಗೆ ಸಿದ್ದಾಪುರ, ಯಲ್ಲಾಪುರ, ಬನವಾಸಿ ಕಡೆಯ ಮಕ್ಕಳು ನೆಟ್‌ವರ್ಕಿಂಗ್ ಕಲಿಯಲು ಬರುತ್ತಾರೆ. ಸ್ವಿಚ್ ಅಂದರೆ ಅವರಿಗೆ ಹಸಿರು ದೀಪ ಮಿಣುಕುವ ಒಂದು ಡಬ್ಬಿ. ಒಳಗೆ ಏನು ನಡೆಯುತ್ತದೆ ಅಂತ ಆ ಡಬ್ಬಿ ಬಿಚ್ಚಿದರೂ ಕಾಣುವುದಿಲ್ಲ. ಓಪನ್ ವಿಸ್ವಿಚ್‌ನಲ್ಲಿ ಕಾಣುತ್ತದೆ. ಅದರ ಸಿ ಕೋಡ್ ಓದಬಹುದು, ನಡುವೆ ನಮ್ಮದೊಂದು ಸಾಲು ಸೇರಿಸಿ ಮತ್ತೆ ಬಿಲ್ಡ್ ಮಾಡಿ ಏನಾಯಿತು ನೋಡಬಹುದು. ಇದಕ್ಕೆ ರೆಡಿಮೇಡ್ ಪ್ಯಾಕೇಜ್ ಸಾಲದು.

ಈ ಸಾಫ್ಟ್‌ವೇರ್ ಶುರುವಾಗಿದ್ದು ನಿಸಿರಾ ಅನ್ನುವ ಕಂಪನಿಯಲ್ಲಿ. 2012ರಲ್ಲಿ ಆ ಕಂಪನಿಯನ್ನು ವಿಎಂವೇರ್ ಕೊಂಡುಕೊಂಡಿತು. ಅದೇ ವರ್ಷ ಬಂದ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) 3.3ರಲ್ಲಿ ಇದರ ಕರ್ನಲ್ ಭಾಗವೂ ಸೇರಿತು. 2016ರಿಂದ ಇದು ಲಿನಕ್ಸ್ ಫೌಂಡೇಶನ್ ಅಡಿಯಲ್ಲಿದೆ.

ಈ ಕರ್ನಲ್ ಭಾಗದ ವಿಷಯವನ್ನು ಮೊದಲೇ ತಿಳಿದುಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ. ಓಪನ್ ವಿಸ್ವಿಚ್ ಎರಡು ತುಂಡಾಗಿದೆ. ಪ್ಯಾಕೆಟ್‌ಗಳನ್ನು ವೇಗವಾಗಿ ಸಾಗಿಸುವ ತುಂಡು ಕರ್ನಲ್‌ನಲ್ಲಿದೆ. ಯಾವ ಪ್ಯಾಕೆಟ್ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವ ತುಂಡು ಹೊರಗೆ, ಸಾಮಾನ್ಯ ಪ್ರೋಗ್ರಾಂ ಆಗಿ ಓಡುತ್ತದೆ. ಹಳೇ ಕೈಪಿಡಿಗಳನ್ನು ನೋಡಿದರೆ ಎರಡನ್ನೂ ನೀವೇ ಬಿಲ್ಡ್ ಮಾಡಿ, ಕರ್ನಲ್ ಹೆಡರ್ ಹಾಕಿಕೊಳ್ಳಿ, ‘ವಿತ್-ಲಿನಕ್ಸ್’ ಅಂತ ಕೊಡಿ ಅಂತಿರುತ್ತದೆ. ಅದು ಈಗ ಇಲ್ಲ. 2022ರಲ್ಲಿ ಬಂದ ಓಪನ್ ವಿಸ್ವಿಚ್ 3.0 ಆವೃತ್ತಿಯಿಂದ ಕರ್ನಲ್ ಮಾಡ್ಯೂಲಿನ (ಕರ್ನಲ್‌ಗೆ ಸೇರಿಸುವ ತುಂಡಿನ) ಕೋಡನ್ನು ಈ ಸೋರ್ಸ್‌ನಿಂದಲೇ ತೆಗೆದುಹಾಕಿದ್ದಾರೆ. ನಿಮ್ಮ ಕರ್ನಲ್ ಜೊತೆ ಬಂದ ಮಾಡ್ಯೂಲನ್ನೇ ಬಳಸಬೇಕು. ಇದರಲ್ಲಿ ಲಾಭವೇ ಜಾಸ್ತಿ. ಸೆಕ್ಯೂರ್ ಬೂಟ್ ಇರುವ ಮಶೀನಿನಲ್ಲಿ ನಾವೇ ಮಾಡಿದ ಮಾಡ್ಯೂಲ್ ಸಹಿ ಇಲ್ಲದೆ ಲೋಡ್ ಆಗುವುದಿಲ್ಲ, ಉಬುಂಟುವಿನದು ಸಹಿ ಹಾಕಿಸಿಕೊಂಡೇ ಬಂದಿರುತ್ತದೆ. ಹಾಗಾಗಿ ನಾನು ಮೊದಲು ‘ಮಾಡ್‌ಪ್ರೋಬ್ ಓಪನ್‌ವಿಸ್ವಿಚ್’ ಕೊಟ್ಟು ಅದು ತಕರಾರಿಲ್ಲದೆ ಲೋಡ್ ಆಗುವುದನ್ನು ನೋಡಿಕೊಂಡೇ ಮುಂದಿನ ಕೆಲಸಕ್ಕೆ ಕೈ ಹಾಕಿದೆ.

ಸೋರ್ಸ್ ತರುವುದು. ದೊಡ್ಡ ಊರಿನಲ್ಲಿ ಇದು ಒಂದು ಹಂತವೇ ಅಲ್ಲ. ನಮ್ಮಲ್ಲಿ ಆಷಾಢದ ಮಳೆ ಹಿಡಿದರೆ ಇಂಟರ್‌ನೆಟ್ ಯಾವಾಗ ಇರುತ್ತದೆ, ಯಾವಾಗ ಹೋಗುತ್ತದೆ ಹೇಳಲಾಗದು. ಗಿಟ್‌ನಲ್ಲಿ ಕ್ಲೋನ್ (ಇಡೀ ಕೋಡಿನ ನಕಲು) ಮಾಡುವಾಗ ಮಧ್ಯದಲ್ಲಿ ನೆಟ್ ಹೋದರೆ ಮತ್ತೆ ಮೊದಲಿಂದ ಶುರು, ಅದಕ್ಕೆ ಅರ್ಧದಿಂದ ಮುಂದುವರಿಸಲು ಬರುವುದಿಲ್ಲ. ಆದ್ದರಿಂದ ರಿಲೀಸ್‌ನ ಟಾರ್ ಫೈಲನ್ನು (ಎಲ್ಲ ಕೋಡನ್ನು ಒಟ್ಟಿಗೆ ಕಟ್ಟಿದ ಫೈಲ್) ‘ಡಬ್ಲ್ಯುಗೆಟ್ ಮೈನಸ್ ಸಿ’ ಕೊಟ್ಟು ಇಳಿಸಿಕೊಂಡೆ. ಅದು ನಿಂತಲ್ಲಿಂದ ಮುಂದುವರಿಯುತ್ತದೆ. ಟಾರ್ ಫೈಲಿನಲ್ಲಿ ಇನ್ನೊಂದು ಅನುಕೂಲ ಇದೆ. ಬಿಲ್ಡ್‌ಗೆ ಮುಂಚೆ ಮಶೀನಿನಲ್ಲಿ ಏನೇನಿದೆ ಅಂತ ನೋಡುವ ‘ಕಾನ್ಫಿಗರ್’ ಸ್ಕ್ರಿಪ್ಟ್ ಅದರೊಳಗೆ ತಯಾರಾಗಿಯೇ ಇರುತ್ತದೆ. ಗಿಟ್‌ನಿಂದ ತಂದರೆ ಮೊದಲು ‘ಬೂಟ್.ಎಸ್‌ಎಚ್’ ಓಡಿಸಿ ಅದನ್ನು ಹುಟ್ಟಿಸಬೇಕು, ಅದಕ್ಕೆ ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್ ಬೇರೆ ಬೇಕು. ಓಪನ್ ವಿಸ್ವಿಚ್‌ನ ಆವೃತ್ತಿ 3.3 ಆರಿಸಿಕೊಂಡೆ. ಆಗ ಅದಕ್ಕೆ ದೀರ್ಘಾವಧಿ ಬೆಂಬಲ ಇತ್ತು, ಲ್ಯಾಬಿಗೆ ಅಷ್ಟು ಸಾಕಿತ್ತು.

ಜೊತೆಗೆ ಬೇಕಾದ್ದು ಜಿಸಿಸಿ (ಸಿ ಕಂಪೈಲರ್), ಮೇಕ್ (ಬಿಲ್ಡ್ ನಡೆಸುವ ಕಮಾಂಡ್), ಪೈಥಾನ್ 3. ಓಪನ್‌ಎಸ್‌ಎಸ್‌ಎಲ್ ಮತ್ತು ‘ಲಿಬ್‌ಕ್ಯಾಪ್-ಎನ್‌ಜಿ’ ಇವೆರಡರ ಡೆವ್ ಪ್ಯಾಕೇಜುಗಳನ್ನೂ ಹಾಕಿಕೊಳ್ಳಿ. ಇವಿಲ್ಲದೆಯೂ ಬಿಲ್ಡ್ ಆಗುತ್ತದೆ, ಕಷ್ಟ ಇರುವುದೇ ಅಲ್ಲಿ. ಕಾನ್ಫಿಗರ್ ಒಂದು ಎಚ್ಚರಿಕೆ ಬರೆದು, ಇಲ್ಲವೇ ಸುಮ್ನೆ, ಮುಂದೆ ಹೋಗಿಬಿಡುತ್ತದೆ. ಆಮೇಲೆ ಕಂಟ್ರೋಲರ್ (ಸ್ವಿಚ್‌ಗೆ ನಿಯಮ ಕಳಿಸುವ ಪ್ರೋಗ್ರಾಂ) ಜೊತೆ ಎನ್‌ಕ್ರಿಪ್ಟ್ ಆದ ಸಂಪರ್ಕ ಬೇಕು ಅನ್ನುವಾಗ, ಅಥವಾ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಅಲ್ಲದ ಯೂಸರ್ ಹೆಸರಿನಲ್ಲಿ ಓಡಿಸಬೇಕು ಅನ್ನುವಾಗ ಅದು ಇಲ್ಲ ಅಂತ ಗೊತ್ತಾಗುತ್ತದೆ. ಕಾನ್ಫಿಗರ್ ಮುಗಿದ ಮೇಲೆ ಪರದೆಯನ್ನು ಮೇಲಕ್ಕೆ ಸರಿಸಿ, ಎಸ್‌ಎಸ್‌ಎಲ್ ಸಾಲಿನಲ್ಲಿ ‘ಯೆಸ್’ ಇದೆಯಾ ‘ನೋ’ ಇದೆಯಾ ಅಂತ ಮಕ್ಕಳಿಂದಲೇ ಓದಿಸುತ್ತೇನೆ.

ಎಲ್ಲಿ ಇನ್‌ಸ್ಟಾಲ್ ಮಾಡುವುದು ಅನ್ನುವ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡಬೇಕು. ಏನೂ ಹೇಳದಿದ್ದರೆ ಎಲ್ಲವೂ ‘ಯುಎಸ್‌ಆರ್’ ಒಳಗಿನ ‘ಲೋಕಲ್’ ಫೋಲ್ಡರಿಗೆ ಹೋಗುತ್ತದೆ. ಪ್ರೋಗ್ರಾಂಗಳು, ಡೇಟಾಬೇಸ್, ಲಾಗ್, ಸಾಕೆಟ್ (ಪ್ರೋಗ್ರಾಂಗಳು ಪರಸ್ಪರ ಮಾತಾಡಲು ಬಳಸುವ ಫೈಲ್) ಎಲ್ಲವೂ. ಈ ದಾರಿಗಳು ಬಿಲ್ಡ್ ಮಾಡುವಾಗಲೇ ಪ್ರೋಗ್ರಾಂನ ಒಳಗೆ ಕೂತುಬಿಡುತ್ತವೆ. ಮಶೀನಿನಲ್ಲಿ ಮೊದಲೇ ಆಪ್ಟ್‌ನ ಓಪನ್ ವಿಸ್ವಿಚ್ ಇದ್ದರೆ ಏನಾಗುತ್ತದೆ ನೋಡಿ. ಆಪ್ಟ್‌ನ ಕಮಾಂಡ್ ‘ವರ್-ರನ್’ ಫೋಲ್ಡರಿನ ಕೆಳಗೆ ಸಾಕೆಟ್ ಹುಡುಕುತ್ತದೆ, ನಮ್ಮ ಸರ್ವರ್ ತನ್ನ ಸಾಕೆಟ್ಟನ್ನು ‘ಲೋಕಲ್’ ಕೆಳಗೆ ತೆರೆದಿರುತ್ತದೆ. ಆಗ ‘ಡೇಟಾಬೇಸ್ ಕನೆಕ್ಷನ್ ಫೇಲ್ಡ್’ ಅನ್ನುವ ಸಂದೇಶ ಬರುತ್ತದೆ. ಸರ್ವರ್ ಓಡುತ್ತಿದೆ, ಆದರೂ ಸಿಗುತ್ತಿಲ್ಲ ಅಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ. ಎರಡೂ ಒಟ್ಟಿಗೆ ಓಡಿದರಂತೂ ಒಂದೇ ಕರ್ನಲ್ ಮಾಡ್ಯೂಲಿಗೆ ಇಬ್ಬರು ಯಜಮಾನರು. ಆಪ್ಟ್‌ನದನ್ನು ಪೂರ್ತಿ ಪರ್ಜ್ ಮಾಡಿ, ಆಮೇಲೆ ನಿಮ್ಮದನ್ನು ಹಾಕಿ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಲೋಕಲ್ ಫೋಲ್ಡರನ್ನು ಹಾಗೇ ಉಳಿಸಿಕೊಂಡೆವು, ನಮ್ಮ ಫೈಲುಗಳು ಯಾವುವು, ಉಬುಂಟುವಿನವು ಯಾವುವು ಅನ್ನುವುದು ಕಣ್ಣಿಗೇ ಕಾಣುತ್ತದೆ ಅಲ್ವಾ?

ಬಿಲ್ಡ್ ಮಾಡಲು ಸೋರ್ಸ್ ಒಳಗೇ ಒಂದು ಬೇರೆ ಫೋಲ್ಡರ್ ಮಾಡಿ, ಅಲ್ಲಿಂದ ಕಾನ್ಫಿಗರ್ ಓಡಿಸಿದೆ. ಹೀಗೆ ಮಾಡಿದರೆ ಮೂಲ ಕೋಡ್ ಕೊಳೆಯಾಗುವುದಿಲ್ಲ. ಆಮೇಲೆ ‘ಮೇಕ್ ಮೈನಸ್ ಜೆ’, ಜೊತೆಗೆ ಕೋರ್‌ಗಳ ಸಂಖ್ಯೆ.

ಇಲ್ಲಿ ನಮ್ಮ ಕಡೆಯ ಒಂದು ಸಮಸ್ಯೆ ಇದೆ. ಮಳೆಗಾಲದಲ್ಲಿ ಕಾಡಿನ ನಡುವೆ ಬರುವ ಲೈನಿನ ಮೇಲೆ ಒಂದು ಕೊಂಬೆ ಬಿದ್ದರೆ ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಹಳತಾಗಿದ್ದರೆ ಮಶೀನೂ ಹೋಯಿತು. ಮೇಕ್ ಒಳ್ಳೆಯದು, ಮತ್ತೆ ಓಡಿಸಿದರೆ ಆಗಿರುವ ಫೈಲುಗಳನ್ನು ಬಿಟ್ಟು ಉಳಿದದ್ದನ್ನಷ್ಟೇ ಮಾಡುತ್ತದೆ. ಆದರೆ ಅದು ನೋಡುವುದು ಫೈಲಿನ ಸಮಯವನ್ನು ಮಾತ್ರ. ಕರೆಂಟ್ ಹೋದ ಗಳಿಗೆಯಲ್ಲಿ ಬರೆಯುತ್ತಿದ್ದ ಆಬ್ಜೆಕ್ಟ್ ಫೈಲ್ (ಒಂದು ಕೋಡ್ ಫೈಲಿನ ಕಂಪೈಲ್ ಆದ ರೂಪ) ಡಿಸ್ಕ್ ಮುಟ್ಟದೆ ಸೊನ್ನೆ ಬೈಟಿನದಾಗಿ ಉಳಿದಿರಬಹುದು. ಮೇಕ್ ಅದನ್ನೂ ‘ಆಗಿದೆ’ ಅಂತ ಎಣಿಸುತ್ತದೆ. ಕೊನೆಗೆ ಅವನ್ನೆಲ್ಲ ಸೇರಿಸಿ ಲಿಂಕ್ ಮಾಡುವಾಗ ಅರ್ಥವಾಗದ ಎರರ್ ಬರುತ್ತದೆ. ಅದಕ್ಕೇ ಕರೆಂಟ್ ಬಂದ ಕೂಡಲೇ ‘ಫೈಂಡ್’ ಕಮಾಂಡಿನಿಂದ ಸೊನ್ನೆ ಗಾತ್ರದ ಆಬ್ಜೆಕ್ಟ್ ಫೈಲುಗಳನ್ನು ಹುಡುಕಿ ಅಳಿಸಿ, ಆಮೇಲೆ ಮೇಕ್ ಕೊಡುತ್ತೇವೆ. ಅನುಮಾನ ಇನ್ನೂ ಉಳಿದರೆ ಬಿಲ್ಡ್ ಫೋಲ್ಡರನ್ನೇ ಅಳಿಸಿ ಹೊಸದಾಗಿ ಶುರು ಮಾಡುವುದು ಒಳ್ಳೆಯದು. ಬೇರೆ ಫೋಲ್ಡರ್ ಮಾಡಿದ್ದರ ಲಾಭ ಆಗ ಕೈಗೆ ಸಿಗುತ್ತದೆ.

‘ಮೇಕ್ ಚೆಕ್’ ಬಿಡಬೇಡಿ. ಎರಡು ಸಾವಿರಕ್ಕೂ ಜಾಸ್ತಿ ಪರೀಕ್ಷೆಗಳಿವೆ, ಸ್ವಿಚ್ ಬೇಕಾದವು ತೋರಿಕೆಯ ಸ್ವಿಚ್ ಮೇಲೆ ನಡೆಯುತ್ತವೆ, ರೂಟ್ ಆಗಬೇಕಿಲ್ಲ. ನಿಧಾನದ ಮಶೀನಿನಲ್ಲಿ ಸಮಯಕ್ಕೆ ಸಂಬಂಧಿಸಿದ ಕೆಲವು ಪರೀಕ್ಷೆಗಳು ಬೀಳುವುದುಂಟು. ‘ರೀಚೆಕ್’ ಆಯ್ಕೆಗೆ ‘ಯೆಸ್’ ಅಂತ ಕೊಟ್ಟರೆ ಬಿದ್ದವನ್ನು ಅದೇ ಇನ್ನೊಮ್ಮೆ ಓಡಿಸುತ್ತದೆ. ಎರಡನೇ ಸಲವೂ ಬಿದ್ದರೆ ಮಾತ್ರ ಲಾಗ್ ತೆರೆದು ಕೂರಿ.

‘ಮೇಕ್ ಇನ್‌ಸ್ಟಾಲ್’ ಆದ ಮೇಲೆ ಸ್ವಿಚ್ ಎಬ್ಬಿಸಲು ‘ಓವಿಎಸ್-ಸಿಟಿಎಲ್ ಸ್ಟಾರ್ಟ್’ ಒಂದೇ ಸಾಕು. ಆದರೂ ಮೊದಲ ಸಲ ಎಲ್ಲವನ್ನೂ ಕೈಯಿಂದಲೇ ಮಾಡಿಸುತ್ತೇನೆ. ಸ್ಕೀಮಾದಿಂದ (ಡೇಟಾಬೇಸಿನ ನಕ್ಷೆಯಿಂದ) ಖಾಲಿ ಡೇಟಾಬೇಸ್ ಮಾಡುವುದು, ‘ಓವಿಎಸ್‌ಡಿಬಿ-ಸರ್ವರ್’ ಎಬ್ಬಿಸುವುದು, ‘ಓವಿಎಸ್-ವಿಎಸ್‌ಸಿಟಿಎಲ್’ನಿಂದ ಡೇಟಾಬೇಸನ್ನು ಇನಿಟ್ ಮಾಡುವುದು, ಕೊನೆಗೆ ‘ಓವಿಎಸ್-ವಿಸ್ವಿಚ್‌ಡಿ’ ಎಬ್ಬಿಸುವುದು. ಸ್ವಿಚ್ ಹೇಗಿರಬೇಕು ಅನ್ನುವುದು ಡೇಟಾಬೇಸಿನಲ್ಲಿದೆ, ಅದನ್ನು ಓದಿ ಸ್ವಿಚ್ ಆಗಿ ನಡೆಯುವುದು ವಿಸ್ವಿಚ್‌ಡಿ ಅನ್ನುವುದು ಹೀಗೆ ಮಾಡಿದಾಗ ತಾನೇ ತಿಳಿಯುತ್ತದೆ.

ಇದು ತಿಳಿದಿದ್ದರೆ ಕರೆಂಟ್ ಹೋಗಿ ಬಂದಾಗ ಗಾಬರಿಯಾಗುವುದಿಲ್ಲ. ಬ್ರಿಡ್ಜ್ (ಓಪನ್ ವಿಸ್ವಿಚ್ ಒಳಗೆ ನಾವು ಮಾಡುವ ಒಂದೊಂದು ಸ್ವಿಚ್), ಪೋರ್ಟ್, ವಿಲ್ಯಾನ್ ಟ್ಯಾಗ್ (ಒಂದೇ ಸ್ವಿಚ್ಚನ್ನು ಬೇರೆ ಬೇರೆ ನೆಟ್‌ವರ್ಕ್ ಆಗಿ ವಿಂಗಡಿಸುವ ಗುರುತು) ಎಲ್ಲ ಡೇಟಾಬೇಸಿನಲ್ಲಿರುವುದರಿಂದ ತಾವಾಗಿಯೇ ಮರಳುತ್ತವೆ. ಯಾವ ಪ್ಯಾಕೆಟ್‌ಗೆ ಏನು ಮಾಡಬೇಕು ಅಂತ ನಾವು ಹಾಕಿದ ಓಪನ್‌ಫ್ಲೋ ನಿಯಮಗಳು ಮರಳುವುದಿಲ್ಲ, ಅವು ಮೆಮೊರಿಯಲ್ಲಿ ಇದ್ದವು. ಅವನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಪ್ರತಿ ಸಲ ಲೋಡ್ ಮಾಡಿಸಬೇಕು. ಇನ್ನೊಂದು, ಮೇಕ್ ಇನ್‌ಸ್ಟಾಲ್, ಮಶೀನ್ ಎದ್ದಾಗ ಸ್ವಿಚ್ಚನ್ನು ತಾನೇ ಶುರು ಮಾಡುವ ಯಾವ ಸಿಸ್ಟಮ್‌ಡಿ ಸರ್ವಿಸನ್ನೂ ಹಾಕುವುದಿಲ್ಲ. ಅದನ್ನು ನಾವೇ ಬರೆದೆವು. ಶುರುವಿಗೆ ಓವಿಎಸ್-ಸಿಟಿಎಲ್ ಸ್ಟಾರ್ಟ್, ಅದರ ಹಿಂದೆ ನಿಯಮಗಳ ಫೈಲ್ ಲೋಡ್, ನಿಲ್ಲಿಸಲು ಸ್ಟಾಪ್. ರಾತ್ರಿ ಕರೆಂಟ್ ಬಂದರೂ ಬೆಳಿಗ್ಗೆ ಲ್ಯಾಬ್ ತಾನೇ ಎದ್ದು ಕೂತಿರುತ್ತದೆ.

ಬ್ರಿಡ್ಜಿಗೆ ನಿಜವಾದ ಲ್ಯಾನ್ ಕಾರ್ಡ್ ಸೇರಿಸುವುದು ಎಲ್ಲಕ್ಕಿಂತ ಅಪಾಯದ ಹಂತ. ಸೇರಿಸಿದ ಕೂಡಲೇ ಆ ಕಾರ್ಡಿನ ಮೇಲಿದ್ದ ಐಪಿ ವಿಳಾಸ ಕೆಲಸ ಮಾಡುವುದಿಲ್ಲ. ವಿಳಾಸವನ್ನು ಕಾರ್ಡಿನಿಂದ ತೆಗೆದು ಬ್ರಿಡ್ಜಿನ ಹೆಸರಿನ ಇಂಟರ್ಫೇಸಿಗೆ ಕೊಡಬೇಕು. ಮಶೀನಿನ ಮುಂದೆ ಕೂತಿದ್ದರೆ ಪರವಾಗಿಲ್ಲ. ಕಾರವಾರದ ನನ್ನ ಗೆಳೆಯನ ಆಫೀಸಿನ ಸರ್ವರನ್ನು ಶಿರಸಿಯಿಂದ ಎಸ್‌ಎಸ್‌ಎಚ್ (ದೂರದಿಂದಲೇ ಲಾಗಿನ್ ಆಗುವ ದಾರಿ) ಮೂಲಕ ಹೊಂದಿಸುವಾಗ ಅವನು ಕೇಳಿದ, “ಮಾರಾಯಾ, ಕೈ ತಪ್ಪಿದರೆ ಘಟ್ಟ ಇಳಿದು ನೀನೇ ಬರ್ತೀಯಾ?” ಕೇಳಬೇಕಾದ ಪ್ರಶ್ನೆಯೇ. ಹತ್ತು ನಿಮಿಷದ ನಂತರ ಬ್ರಿಡ್ಜ್ ಅಳಿಸಿ ಹಳೇ ವಿಳಾಸ ಮರಳಿ ಹಾಕುವ ಒಂದು ಸ್ಕ್ರಿಪ್ಟನ್ನು ಮೊದಲು ಹಿನ್ನೆಲೆಯಲ್ಲಿ ಓಡಿಸಿದೆ. ಆಮೇಲೆ ಕಾರ್ಡ್ ಸೇರಿಸುವುದು, ವಿಳಾಸ ಬದಲಿಸುವುದು, ಗೇಟ್‌ವೇ ಹಾಕುವುದು ಮೂರನ್ನೂ ಒಂದೇ ಸಾಲಿನಲ್ಲಿ ಕೊಟ್ಟೆ. ಸಂಪರ್ಕ ಉಳಿಯಿತು, ಸ್ಕ್ರಿಪ್ಟನ್ನು ನಿಲ್ಲಿಸಿದೆ. ದೂರದ ಮಶೀನಿಗೆ ಹೀಗಲ್ಲದೆ ಕೈ ಹಾಕಬೇಡಿ. ಲ್ಯಾಪ್‌ಟಾಪ್‌ನಲ್ಲಿ ಮಾಡುವವರಿಗೆ ಒಂದು ಮಾತು: ವೈಫೈ ಕಾರ್ಡನ್ನು ಬ್ರಿಡ್ಜಿಗೆ ಹಾಕಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಆ್ಯಕ್ಸೆಸ್ ಪಾಯಿಂಟ್ ತನಗೆ ಪರಿಚಯವಾದ ಒಂದೇ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಒಪ್ಪುತ್ತದೆ, ಒಳಗಿನ ವರ್ಚುವಲ್ ಮಶೀನುಗಳದ್ದನ್ನು ಬಿಡುವುದಿಲ್ಲ.

ಇನ್ನು ಇಷ್ಟೆಲ್ಲ ಮಾಡಿದ ಉದ್ದೇಶಕ್ಕೆ ಬರುತ್ತೇನೆ. ಎರಡು ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಮಶೀನಿನೊಳಗೆ ತನ್ನದೇ ನೆಟ್‌ವರ್ಕ್ ಇರುವ ಪ್ರತ್ಯೇಕ ಜಾಗ) ಮಾಡಿ ಬ್ರಿಡ್ಜಿಗೆ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ಪಿಂಗ್ (ತಲುಪುತ್ತದೆಯಾ ಅಂತ ನೋಡುವ ಪ್ಯಾಕೆಟ್) ಬಿಟ್ಟೆವು. ಕೋಡಿನಲ್ಲಿ ‘ಎಕ್ಸ್‌ಲೇಟ್ ನಾರ್ಮಲ್’ ಅನ್ನುವ ಫಂಕ್ಷನ್ ಇದೆ. ಸಾಧಾರಣ ಸ್ವಿಚ್‌ನಂತೆ ಮ್ಯಾಕ್ ವಿಳಾಸ ಕಲಿತು, ಯಾವ ಪೋರ್ಟಿಗೆ ಕಳಿಸಬೇಕು ಅಂತ ನಿರ್ಧರಿಸುವುದು ಅದೇ. ಅದರೊಳಗೆ ಒಬ್ಬ ಹುಡುಗಿ ಒಂದು ಲಾಗ್ ಸಾಲು ಬರೆದಳು. ಮೇಕ್ ಕೊಟ್ಟಾಗ ಆ ಒಂದೇ ಫೈಲ್ ಮತ್ತೆ ಕಂಪೈಲ್ ಆಯಿತು. ಇನ್‌ಸ್ಟಾಲ್, ರೀಸ್ಟಾರ್ಟ್, ಪಿಂಗ್. ಶುರುವಿನಲ್ಲಿ ಕೆಲವು ಸಾಲು ಲಾಗಿನಲ್ಲಿ ಬಂದವು. ಆಮೇಲೆ ಪಿಂಗ್ ಓಡುತ್ತಲೇ ಇತ್ತು, ಲಾಗ್ ಮಾತ್ರ ನಿಂತುಹೋಯಿತು.

“ಸರ್, ಪ್ಯಾಕೆಟ್ ಹೋಗ್ತಾ ಇದೆ, ನನ್ನ ಕೋಡ್ ಯಾಕೆ ಓಡ್ತಾ ಇಲ್ಲ?” ಅಂತ ಕೇಳಿದಳು.

ಈ ಪ್ರಶ್ನೆ ಬರಲಿ ಅಂತಲೇ ನಾನು ಕಾಯುತ್ತಿದ್ದೆ. ಶಿರಸಿ ಬಸ್ ಸ್ಟ್ಯಾಂಡಿಗೆ ಮೊದಲ ಸಲ ಬಂದವರು ವಿಚಾರಣೆ ಕೌಂಟರಿಗೆ ಹೋಗಿ ಕುಮಟಾ ಬಸ್ ಎಲ್ಲಿ ನಿಲ್ಲುತ್ತದೆ ಅಂತ ಕೇಳುತ್ತಾರೆ, ದಿನಾ ಓಡಾಡುವವರು ಸೀದಾ ಬಸ್ಸಿನ ಹತ್ತಿರ ಹೋಗುತ್ತಾರೆ. ಇಲ್ಲೂ ಹಾಗೇ. ಹೊಸ ತರಹದ ಮೊದಲ ಪ್ಯಾಕೆಟ್ ಕರ್ನಲ್‌ಗೆ ಗೊತ್ತಿಲ್ಲ, ಅದು ಮೇಲಕ್ಕೆ ವಿಸ್ವಿಚ್‌ಡಿಗೆ ಕಳಿಸುತ್ತದೆ. ವಿಸ್ವಿಚ್‌ಡಿ ತೀರ್ಮಾನಿಸಿ ಆ ಉತ್ತರವನ್ನು ಕರ್ನಲ್‌ನಲ್ಲಿ ಬರೆದಿಡುತ್ತದೆ. ಮುಂದಿನ ಪ್ಯಾಕೆಟ್‌ಗಳು ಕರ್ನಲ್‌ನಿಂದಲೇ ಹೋಗುತ್ತವೆ. ಅವಳ ಸಾಲು ಇದ್ದದ್ದು ವಿಸ್ವಿಚ್‌ಡಿಯಲ್ಲಿ. ‘ಡಿಪಿಸಿಟಿಎಲ್ ಡಂಪ್-ಫ್ಲೋಸ್’ ಕೊಟ್ಟು ಕರ್ನಲ್‌ನಲ್ಲಿ ಬರೆದಿಟ್ಟ ಉತ್ತರವನ್ನೂ, ಅದರ ಪಕ್ಕ ಏರುತ್ತಿದ್ದ ಪ್ಯಾಕೆಟ್ ಎಣಿಕೆಯನ್ನೂ ತೋರಿಸಿದೆ. ಪಿಂಗ್ ನಿಲ್ಲಿಸಿ ಹತ್ತು ಸೆಕೆಂಡ್ ದಾಟಿದ ಮೇಲೆ ಮತ್ತೆ ನೋಡಿದರೆ ಅದು ಮಾಯ. ಬಳಕೆಯಿಲ್ಲದ ಉತ್ತರವನ್ನು ಕರ್ನಲ್‌ನಲ್ಲಿ ಇಟ್ಟುಕೊಳ್ಳುವ ಅವಧಿ ಅಷ್ಟೇ. ಮತ್ತೆ ಪಿಂಗ್ ಬಿಟ್ಟಳು, ಲಾಗಿನಲ್ಲಿ ಅವಳ ಸಾಲು ಬಂತು. ಕಲಿತ ಮ್ಯಾಕ್ ವಿಳಾಸ ಮಾತ್ರ ಬೇರೆ ಪಟ್ಟಿಯಲ್ಲಿ 300 ಸೆಕೆಂಡ್ ಉಳಿಯುತ್ತದೆ ಅನ್ನುವುದನ್ನೂ ‘ಎಫ್‌ಡಿಬಿ ಶೋ’ ಕೊಟ್ಟು ನೋಡಿದೆವು. ಪುಸ್ತಕದಲ್ಲಿ ಚಿತ್ರ ಬರೆದು ಎಷ್ಟು ಹೇಳಿದರೂ ಇದು ಹೀಗೆ ತಲೆಗೆ ಇಳಿಯುತ್ತಿರಲಿಲ್ಲ ಅಂತ ನನಗೆ ಖಾತ್ರಿಯಿದೆ.

ಡಿಪಿಡಿಕೆ (ಕರ್ನಲ್ ಬಿಟ್ಟು ನೇರವಾಗಿ ಪ್ಯಾಕೆಟ್ ಸಾಗಿಸುವ ಲೈಬ್ರರಿ) ಸೇರಿಸಿ ಬಿಲ್ಡ್ ಮಾಡಲಿಲ್ಲವಾ ಅಂತ ಕೆಲವರು ಕೇಳುತ್ತಾರೆ. ಅದರಲ್ಲಿ ಪ್ಯಾಕೆಟ್ ಸಾಗಿಸುವ ಥ್ರೆಡ್ ಕೆಲಸ ಇರಲಿ ಬಿಡಲಿ, ಒಂದು ಕೋರನ್ನು ಪೂರ್ತಿ ತಿನ್ನುತ್ತದೆ. ಟೆಲಿಕಾಂ ಕಂಪನಿಗಳ ಸರ್ವರಿಗೆ ಅದು ಸರಿ. ಯುಪಿಎಸ್ ನಂಬಿ ಓಡುವ ನಮ್ಮ ಲ್ಯಾಬಿಗೆ ಬೇಡ.

ಕೊನೆಯದಾಗಿ, ಬಿಲ್ಡ್ ಫೋಲ್ಡರನ್ನು ಕೆಲಸ ಮುಗಿಯಿತು ಅಂತ ಅಳಿಸಬೇಡಿ. ‘ಮೇಕ್ ಅನ್‌ಇನ್‌ಸ್ಟಾಲ್’ ಅಲ್ಲಿಂದಲೇ ಕೊಡಬೇಕು, ಆಪ್ಟ್‌ಗೆ ಈ ಫೈಲುಗಳ ಸುದ್ದಿಯೇ ಗೊತ್ತಿಲ್ಲ. ಕಾನ್ಫಿಗರ್‌ಗೆ ಯಾವ ಆಯ್ಕೆ ಕೊಟ್ಟಿದ್ದಿರಿ ಅನ್ನುವುದೂ ಅಲ್ಲಿನ ‘ಕಾನ್ಫಿಗ್.ಲಾಗ್’ ಫೈಲಿನ ಮೊದಲ ಸಾಲುಗಳಲ್ಲೇ ಇರುತ್ತದೆ. ಮುಂದಿನ ಆವೃತ್ತಿ ಬಂದಾಗ ಅದೇ ಆಯ್ಕೆಗಳನ್ನು ಕೊಟ್ಟು ಬಿಲ್ಡ್ ಮಾಡಿ, ಇನ್‌ಸ್ಟಾಲ್ ಮಾಡಿ, ಓವಿಎಸ್-ಸಿಟಿಎಲ್ ರೀಸ್ಟಾರ್ಟ್ ಕೊಡಿ. ಡೇಟಾಬೇಸಿನ ಸ್ಕೀಮಾ ಬದಲಾಗಿದ್ದರೆ ಅದೇ ಹೊಂದಿಸಿಕೊಳ್ಳುತ್ತದೆ.