ಟೆಂಪ್ಲೇಟ್ ಕಟ್ಟಿ, ಬೀಗ ಹಾಕಿ ಕಳಿಸುವ ಕ್ರಮ: ನನ್ನ ಅನುಭವ

ಶಿರಸಿ, ಸಿದ್ದಾಪುರ ಕಡೆಯ ಸಹಕಾರಿ ಸಂಘಗಳಿಗೆ ವಾರ್ಷಿಕ ಸಭೆಯ ಸ್ಲೈಡು, ಘಟ್ಟದ ಕೆಳಗೆ ಕುಮಟಾ, ಕಾರವಾರದ ಹೋಮ್‌ಸ್ಟೇಗಳಿಗೆ ಪರಿಚಯದ ಸ್ಲೈಡು. ಇವುಗಳ ಪವರ್‌ಪಾಯಿಂಟ್ ಟೆಂಪ್ಲೇಟ್ ಮಾಡಿಕೊಡುವ ಕೆಲಸ ನನ್ನದು. ಒಂದು ಸಲಕ್ಕೆ ಐದಾರು ಫೈಲು ಹೋಗುತ್ತವೆ. ಅವನ್ನು ಒಂದೇ ಕಟ್ಟು ಮಾಡಿ, ಪಾಸ್‌ವರ್ಡ್ ಹಾಕಿ ಕಳಿಸುವಾಗ ನಾನು ಅನುಸರಿಸುವ ಕ್ರಮ ಇದು.

ಪವರ್‌ಪಾಯಿಂಟ್ ಟೆಂಪ್ಲೇಟಿನ ಫೈಲು, ಅಂದರೆ ಪಿಒಟಿಎಕ್ಸ್, ತಾನೇ ಒಂದು ಜಿಪ್ ಕಟ್ಟು (ಹಲವು ಫೈಲು ಕುಗ್ಗಿಸಿ ಒಂದಾಗಿ ಕಟ್ಟಿದ್ದು). ಆಫೀಸ್ 2007ರಿಂದ ಈಚೆಗೆ ಹೀಗೇ. ಅದರೊಳಗೆ ಸ್ಲೈಡಿನ ವಿವರ ಬರೆದಿಟ್ಟ ಎಕ್ಸ್‌ಎಂಎಲ್ ಪಠ್ಯ ಆಗಲೇ ಕುಗ್ಗಿರುತ್ತದೆ, ಜೆಪಿಇಜಿ ಫೋಟೊ ಅದಕ್ಕೂ ಮೊದಲೇ ಕುಗ್ಗಿರುತ್ತದೆ. ಹಾಗಾಗಿ 30 ಎಂಬಿಯ ಟೆಂಪ್ಲೇಟನ್ನು ಮತ್ತೆ ಜಿಪ್ ಮಾಡಿದರೆ 30ರ ಹತ್ತಿರವೇ ನಿಲ್ಲುತ್ತದೆ. ತೂಕ ಇಳಿಯಬೇಕಾದ್ದು ಫೈಲಿನ ಒಳಗೆ. ಫೈಲಿನ ಮೇಲೆ ಬಲ ಗುಂಡಿ ಒತ್ತಿ ಫೈಲು ಕಟ್ಟುವ-ಬಿಚ್ಚುವ ತಂತ್ರಾಂಶ 7-ಜಿಪ್‌ನ 'ಓಪನ್ ಆರ್ಕೈವ್' ಕೊಟ್ಟರೆ ಒಳಗಿನ ಫೋಲ್ಡರುಗಳು ಕಾಣುತ್ತವೆ. ಪಿಪಿಟಿ ಫೋಲ್ಡರಿನ ಮೀಡಿಯಾದಲ್ಲಿ ಗಾತ್ರದ ಪ್ರಕಾರ ಜೋಡಿಸಿ ನೋಡಿ, ಭಾರ ಎಲ್ಲಿದೆ ಎಂದು ತಕ್ಷಣ ತಿಳಿಯುತ್ತದೆ. ಹೆಚ್ಚಿನ ಸಲ ಅದು ಮೊಬೈಲಿನಲ್ಲಿ ತೆಗೆದ ಅಡಿಕೆ ತೋಟದ ಅಥವಾ ಕಡಲ ದಂಡೆಯ 4000×3000 ಪಿಕ್ಸೆಲ್‌ನ ಫೋಟೊ. ಸಭಾಭವನದ ಪ್ರೊಜೆಕ್ಟರಿಗೆ 1920×1080 ಸಾಕು. ಸ್ಲೈಡ್ ಮಾಸ್ಟರಿನ (ಎಲ್ಲ ಸ್ಲೈಡಿಗೂ ಅನ್ವಯಿಸುವ ಮೂಲ ವಿನ್ಯಾಸದ) ಹಿನ್ನೆಲೆಗೆ ತುಂಬಿಸಿದ ಚಿತ್ರವನ್ನು ಪವರ್‌ಪಾಯಿಂಟಿನಲ್ಲಿ ಚಿತ್ರವಾಗಿ ಆಯ್ದುಕೊಳ್ಳಲು ಬರುವುದಿಲ್ಲ. ಹಾಗಾಗಿ ಫೋಟೊವನ್ನು ಹೊರಗೇ ಕುಗ್ಗಿಸಿ ಆಮೇಲೆ ಹಾಕುತ್ತೇನೆ. ಬಳಸದ ಲೇಔಟುಗಳನ್ನು ಸ್ಲೈಡ್ ಮಾಸ್ಟರಿನಲ್ಲಿ ಅಳಿಸುತ್ತೇನೆ.

ಗಾತ್ರಕ್ಕಿಂತ ನನಗೆ ಹೆಚ್ಚು ಚಿಂತೆ ಒಳಗೆ ಉಳಿದುಕೊಳ್ಳುವ ಮಾಹಿತಿಯದ್ದು. ಎಕ್ಸೆಲ್‌ನಿಂದ ಗ್ರಾಫನ್ನು ವರ್ಕ್‌ಬುಕ್ ಸಮೇತ ಅಂಟಿಸಿದ್ದರೆ ಇಡೀ ವರ್ಕ್‌ಬುಕ್ ಟೆಂಪ್ಲೇಟಿನೊಳಗೆ ಬಂದು ಕೂತಿರುತ್ತದೆ. ಕಾಣುವುದು ನಾಲ್ಕು ಕಂಬ. ಗ್ರಾಫಿನ ಮೇಲೆ ಬಲ ಗುಂಡಿ ಒತ್ತಿ 'ಎಡಿಟ್ ಡೇಟಾ' ಕೊಟ್ಟರೆ ಸದಸ್ಯರ ಸಾಲದ ಹಾಳೆಯೂ ತೆರೆಯಬಹುದು. ಪಿಪಿಟಿ ಫೋಲ್ಡರಿನ ಎಂಬೆಡಿಂಗ್ಸ್‌ನಲ್ಲಿ ಏನಿದೆ ಎಂದು ನೋಡದೆ ಯಾವ ಟೆಂಪ್ಲೇಟನ್ನೂ ಕಳಿಸಬಾರದು. ಮಾದರಿ ಗ್ರಾಫಿಗೆ ಸುಳ್ಳು ಅಂಕಿ ಹಾಕಿ ಹೊಸದಾಗಿಯೇ ಮಾಡುತ್ತೇನೆ. ಕ್ರಾಪ್ ಮಾಡಿದ ಫೋಟೊದ ಕತ್ತರಿಸಿದ ಭಾಗವೂ ಒಳಗೆ ಉಳಿದಿರುತ್ತದೆ. 'ಕಂಪ್ರೆಸ್ ಪಿಕ್ಚರ್ಸ್'ನಲ್ಲಿ 'ಡಿಲೀಟ್ ಕ್ರಾಪ್ಡ್ ಏರಿಯಾಸ್' ಗುರುತು ಹಾಕಿದರೆ ಮಾತ್ರ ಅದು ಹೋಗುತ್ತದೆ. ಕೊನೆಗೆ 'ಇನ್‌ಸ್ಪೆಕ್ಟ್ ಡಾಕ್ಯುಮೆಂಟ್' ಓಡಿಸಿ ಹೆಸರು, ಟಿಪ್ಪಣಿ, ಕಮೆಂಟುಗಳನ್ನು ತೆಗೆಯುತ್ತೇನೆ.

ಫಾಂಟ್ ಬಗ್ಗೆ ಒಂದು ಮಾತು. ಹಳೆಯ ನುಡಿ ಫಾಂಟಿನಲ್ಲಿ ಯೂನಿಕೋಡ್ ಅಲ್ಲದೆ ಬರೆದ ಸ್ಲೈಡು, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗುತ್ತದೆ. ಎಲ್ಲವನ್ನೂ ಯೂನಿಕೋಡಿಗೆ ತಂದು ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್ ಬಳಸುತ್ತೇನೆ, ಅದರ ಫೈಲನ್ನೂ ಅದೇ ಕಟ್ಟಿನಲ್ಲಿ ಇಡುತ್ತೇನೆ. ಟೆಂಪ್ಲೇಟಿನಲ್ಲೇ ಫಾಂಟ್ ಸೇರಿಸುವುದಾದರೆ 'ಬಳಸಿದ ಅಕ್ಷರ ಮಾತ್ರ' ಎಂಬ ಆಯ್ಕೆ ಬೇಡ. ಪಡೆದವರು ಆ ಫೈಲಿನಲ್ಲಿ ಬರೆಯುವುದು ಇನ್ನೂ ಬಾಕಿ ಇದೆ, ಉಳಿದ ಅಕ್ಷರಗಳೂ ಬೇಕಾಗುತ್ತವೆ.

ಇನ್ನು ಕಟ್ಟುವುದು. 7-ಜಿಪ್‌ನಲ್ಲಿ ಫಾರ್ಮ್ಯಾಟ್ 7ಝಡ್, ವಿಧಾನ ಎಲ್‌ಝಡ್‌ಎಂಎ2, ಡಿಕ್ಷನರಿ (ಹಿಂದೆ ಬಂದ ಬೈಟುಗಳನ್ನು ನೆನಪಿಡುವ ಜಾಗ) 64 ಎಂಬಿ, ಸಾಲಿಡ್ ಬ್ಲಾಕಿಗೆ 'ಸಾಲಿಡ್' (ಎಲ್ಲ ಫೈಲನ್ನೂ ಒಂದೇ ಸಾಲಾಗಿ ಸೇರಿಸಿ ಕುಗ್ಗಿಸುವುದು) ಇಡಿ. ಐದು ಟೆಂಪ್ಲೇಟಿನಲ್ಲೂ ಒಂದೇ 4 ಎಂಬಿ ಹಿನ್ನೆಲೆ ಇದ್ದರೆ ಜಿಪ್ ಅದನ್ನು ಐದು ಸಲ ಹೊತ್ತು 20 ಎಂಬಿ ಆಗುತ್ತದೆ, ಯಾಕೆಂದರೆ ಜಿಪ್ ಪ್ರತಿ ಫೈಲನ್ನೂ ಬೇರೆ ಬೇರೆಯಾಗಿ ಕುಗ್ಗಿಸುತ್ತದೆ. ಸಾಲಿಡ್ 7ಝಡ್ ಎರಡನೆಯ ಸಲ ಬಂದ ಅದೇ ಬೈಟುಗಳನ್ನು ಗುರುತಿಸಿ 4ರ ಆಸುಪಾಸಿನಲ್ಲಿ ಮುಗಿಸುತ್ತದೆ. ಆದರೆ ಚಿತ್ರ ಬೈಟಿಗೆ ಬೈಟು ಒಂದೇ ಇರಬೇಕು. ಒಂದೊಂದು ಫೈಲಿನಲ್ಲಿ ಬೇರೆ ಬೇರೆಯಾಗಿ ಕುಗ್ಗಿಸಿದರೆ ಈ ಲಾಭ ತಪ್ಪುತ್ತದೆ. ಚಿತ್ರವನ್ನು ಹೊರಗೇ ಕುಗ್ಗಿಸಿ, ಆ ಒಂದೇ ಪ್ರತಿಯನ್ನು ಎಲ್ಲದಕ್ಕೂ ಹಾಕುವುದಕ್ಕೆ ಇದು ಎರಡನೆಯ ಕಾರಣ. ಪವರ್‌ಪಾಯಿಂಟಿನದೇ ಪಾಸ್‌ವರ್ಡನ್ನು ಮೊದಲೇ ಹಾಕಿಬಿಟ್ಟರೂ ಹೀಗೇ: ಎನ್‌ಕ್ರಿಪ್ಟ್ ಆದ (ಗೂಢಲಿಪಿಗೆ ತಿರುಗಿದ) ಫೈಲು ಎಷ್ಟು ಹಿಂಡಿದರೂ ಕುಗ್ಗುವುದಿಲ್ಲ.

ಪಾಸ್‌ವರ್ಡಿಗೆ ಎಇಎಸ್-256 ಎಂಬ ಗೂಢಲಿಪಿ ವಿಧಾನ, ಜೊತೆಗೆ 'ಎನ್‌ಕ್ರಿಪ್ಟ್ ಫೈಲ್ ನೇಮ್ಸ್' ಗುರುತು. ಇದು ಹಾಕದಿದ್ದರೆ ಪಾಸ್‌ವರ್ಡ್ ಇಲ್ಲದವರಿಗೂ ಹೆಸರುಗಳು ಕಾಣುತ್ತವೆ. ಎದುರಿನವರು ಜಿಪ್ಪೇ ಬೇಕೆಂದರೂ ಝಿಪ್‌ಕ್ರಿಪ್ಟೊ ಎಂಬ ಹಳೆಯ ವಿಧಾನ ಬೇಡವೇ ಬೇಡ. ಗೂಢಲಿಪಿ ತಜ್ಞರಾದ ಬಿಹಾಮ್ ಮತ್ತು ಕೋಚರ್ 1994ರಲ್ಲೇ ಅದನ್ನು ಮುರಿದು ತೋರಿಸಿದ್ದಾರೆ. ಒಳಗಿನ ಫೈಲಿನ ಹನ್ನೆರಡು-ಹದಿಮೂರು ಬೈಟು ಗೊತ್ತಿದ್ದರೆ ಪಾಸ್‌ವರ್ಡ್ ಇಲ್ಲದೆಯೂ ತೆರೆಯಬಹುದು. ಪಿಒಟಿಎಕ್ಸ್‌ನ ಮೊದಲ ಬೈಟುಗಳು ಎಲ್ಲ ಫೈಲಿನಲ್ಲೂ ಹೆಚ್ಚುಕಡಿಮೆ ಒಂದೇ. ಕುಗ್ಗಿಸದೆ 'ಸ್ಟೋರ್' ಮಾಡಿ ಇಟ್ಟಿದ್ದರಂತೂ ಕೀಲಿಯನ್ನು ನಾವೇ ಕೈಗೆ ಕೊಟ್ಟಂತೆ.

7ಝಡ್ ಪಾಸ್‌ವರ್ಡನ್ನು ಎಸ್‌ಎಚ್‌ಎ-256 ಎಂಬ ಲೆಕ್ಕದಲ್ಲಿ 5,24,288 ಸುತ್ತು ತಿರುಗಿಸಿ ಕೀಲಿ ಮಾಡುತ್ತದೆ, ಊಹಿಸುವವನ ವೇಗ ತಗ್ಗುತ್ತದೆ. ಆದರೂ ಸಂಘದ ಹೆಸರು, ಇಸವಿ, ಫೋನ್ ನಂಬರು ಪಾಸ್‌ವರ್ಡ್ ಆಗಿ ಉಳಿಯುವುದಿಲ್ಲ. ಸಂಬಂಧವಿಲ್ಲದ ಐದಾರು ಪದ ಒಳ್ಳೆಯದು. ಕನ್ನಡ ಲಿಪಿಯಲ್ಲಿ ಪಾಸ್‌ವರ್ಡ್ ಇಡಬೇಡಿ. 'ಕೊ' ಬರೆಯುವಾಗ ಒಂದು ಕೀಬೋರ್ಡ್ ಒತ್ವವನ್ನು ಒಂದೇ ಸಂಕೇತವಾಗಿ ಕೊಟ್ಟರೆ ಇನ್ನೊಂದು ಎತ್ವ ಮತ್ತು ಊತ್ವ ಎಂದು ಎರಡಾಗಿ ಕೊಡಬಹುದು. ಕಣ್ಣಿಗೆ ಒಂದೇ, 7-ಜಿಪ್‌ಗೆ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಪದ ಬರೆದರೂ ತೊಡಕಿದೆ: ಶಿರಸಿಯನ್ನೇ ಎರಡು ಮೂರು ಬಗೆಯಲ್ಲಿ ಬರೆಯುತ್ತಾರೆ. ಫೋನಿನಲ್ಲಿ ಅಕ್ಷರ ಅಕ್ಷರ ಹೇಳಿ, ಎದುರಿನವರಿಂದ ತಿರುಗಿ ಹೇಳಿಸಿಕೊಳ್ಳುತ್ತೇನೆ. ಫೈಲು ಹೋದ ದಾರಿಯಲ್ಲಿ ಪಾಸ್‌ವರ್ಡ್ ಹೋಗಬಾರದು.

ಕಳಿಸುವುದಕ್ಕೆ ಜಿಮೇಲ್ ಲಗತ್ತು ನಡೆಯುವುದಿಲ್ಲ. 25 ಎಂಬಿ ಮಿತಿ ಹಾಗಿರಲಿ, ಒಳಪಟ್ಟಿಗೇ ಪಾಸ್‌ವರ್ಡ್ ಇರುವ ಕಟ್ಟನ್ನು ಅದು ತಡೆಯುತ್ತದೆ. ಡ್ರೈವ್ ಲಿಂಕ್ ಕೊಡುತ್ತೇನೆ, ಇಲ್ಲವೇ ಪೆನ್‌ಡ್ರೈವ್. ಸಾಲಿಡ್ ಕಟ್ಟಿನಲ್ಲಿ ಒಂದು ಕಡೆ ಕೆಟ್ಟರೆ ಅದರ ಮುಂದಿನದೆಲ್ಲ ಹೋಗಬಹುದು, ಕೆಟ್ಟ ಭಾಗವನ್ನು ಸರಿಪಡಿಸುವ ದುರಸ್ತಿ ದಾಖಲೆ 7ಝಡ್‌ನಲ್ಲಿಲ್ಲ. ಮಳೆಗಾಲದಲ್ಲಿ ನಕಲು ನಡೆಯುವಾಗಲೇ ಕರೆಂಟು ಹೋಗುವುದು ನಮ್ಮ ಕಡೆ ಸಾಮಾನ್ಯ, ಕರಾವಳಿಯ ಉಪ್ಪುಗಾಳಿಗೆ ಪೆನ್‌ಡ್ರೈವಿನ ಮೂತಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಎರಡು ಪ್ರತಿ ಇಟ್ಟು, ನಕಲಾದ ಮೇಲೆ ಪೆನ್‌ಡ್ರೈವಿನ ಪ್ರತಿಯ ಮೇಲೆಯೇ 7-ಜಿಪ್‌ನ 'ಟೆಸ್ಟ್' ಓಡಿಸುತ್ತೇನೆ. ಫೈಲಿನ ಬೆರಳಚ್ಚಿನಂತಿರುವ ಎಸ್‌ಎಚ್‌ಎ-256 ಮೊತ್ತದ ಮೊದಲ ಮತ್ತು ಕೊನೆಯ ಎಂಟು ಅಕ್ಷರಗಳನ್ನು ಪಡೆದವರಿಂದ ಫೋನಿನಲ್ಲಿ ಓದಿಸಿದರೆ ಫೈಲು ಸರಿಯಾಗಿ ತಲುಪಿದ್ದು ಖಾತ್ರಿಯಾಗುತ್ತದೆ.

ಪಡೆದವರು ಕಟ್ಟಿನೊಳಗೇ ಡಬಲ್ ಕ್ಲಿಕ್ ಮಾಡಬಾರದು. 7-ಜಿಪ್ ಆಗ ಬೀಗವಿಲ್ಲದ ಪ್ರತಿಯೊಂದನ್ನು ಟೆಂಪ್ ಫೋಲ್ಡರಿನಲ್ಲಿ ಬಿಚ್ಚಿಡುತ್ತದೆ, ನಡುವೆ ಕಂಪ್ಯೂಟರ್ ಆರಿದರೆ ಅದು ಅಲ್ಲೇ ಉಳಿಯುತ್ತದೆ. ಮೊದಲು ಡಾಕ್ಯುಮೆಂಟ್ಸ್‌ನ 'ಕಸ್ಟಮ್ ಆಫೀಸ್ ಟೆಂಪ್ಲೇಟ್ಸ್' ಫೋಲ್ಡರಿಗೆ ಬಿಚ್ಚಬೇಕು. ಅಲ್ಲಿ ಡಬಲ್ ಕ್ಲಿಕ್ ಮಾಡಿದರೆ ಹೊಸ ಪ್ರೆಸೆಂಟೇಶನ್ ತೆರೆಯುತ್ತದೆ. ಟೆಂಪ್ಲೇಟನ್ನೇ ತಿದ್ದಬೇಕಿದ್ದರೆ ಪವರ್‌ಪಾಯಿಂಟಿನ ಫೈಲ್ ಮೆನುವಿನಿಂದ 'ಓಪನ್' ಕೊಡಬೇಕು.