3018 ರಿಂದ ಎಂಟಡಿ ಮೇಜಿನವರೆಗೆ: ಒಂದೇ ಸಾಫ್ಟ್‌ವೇರ್, ಬೇರೆ ಬೇರೆ ಗಾತ್ರದ ಯಂತ್ರಗಳು

ನನ್ನ ಮೊದಲ ಸಿಎನ್‌ಸಿ ಯಂತ್ರ, ಅಂದರೆ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರ, ಊಟದ ಮೇಜಿನ ಮೂಲೆಯಲ್ಲಿ ಕೂರುವಷ್ಟು ಚಿಕ್ಕದು. 3018 ಎಂಬ ಹೆಸರೇ ಅದರ ಅಳತೆಯನ್ನು ಹೇಳುತ್ತದೆ: 300 ಮಿಲಿಮೀಟರ್ ಉದ್ದ, 180 ಮಿಲಿಮೀಟರ್ ಅಗಲ. ಆರ್ಡುಯಿನೊ ಯೂನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡಿನಲ್ಲಿ ಹಾಕಿದ್ದ ಜಿಆರ್‌ಬಿಎಲ್ ಎಂಬ ಸಾಫ್ಟ್‌ವೇರ್ ಅದನ್ನು ನಡೆಸುತ್ತಿತ್ತು. ಎರಡು ವರ್ಷ ನಾಮಫಲಕಗಳನ್ನೂ ಸರ್ಕ್ಯೂಟ್ ಬೋರ್ಡುಗಳನ್ನೂ ಕೊರೆದ ಮೇಲೆ, ಬಾಗಿಲಿನ ಹಲಗೆ ಕೆತ್ತಲು ಎಂಟಡಿ ಉದ್ದ, ನಾಲ್ಕಡಿ ಅಗಲದ ಯಂತ್ರ ಕಟ್ಟಲು ಹೊರಟೆ. ಇಷ್ಟು ದೊಡ್ಡದಕ್ಕೆ ಆ ಪುಟ್ಟ ಬೋರ್ಡು ಸಾಲದೆಂದು ಕೇಳಿದವರೆಲ್ಲ ಹೇಳಿದರು.

ಲೆಕ್ಕ ಹಾಕಿ ನೋಡಿದಾಗ ಸಿಕ್ಕ ಉತ್ತರ ತದ್ವಿರುದ್ಧವಾಗಿತ್ತು. ಯೂನೊ ಮೇಲಿನ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಪಲ್ಸ್ (ಮೋಟರನ್ನು ಒಂದೊಂದು ಹೆಜ್ಜೆ ತಿರುಗಿಸುವ ವಿದ್ಯುತ್ ಸಂಕೇತ) ಕೊಡಬಲ್ಲದು. 3018 ರಲ್ಲಿ ಮೋಟರಿನ ಒಂದು ಸುತ್ತಿಗೆ 3,200 ಪಲ್ಸ್ ಬೇಕು, ಆ ಸುತ್ತಿಗೆ ಲೀಡ್‌ಸ್ಕ್ರೂ ಎಂಬ ಉದ್ದ ತಿರುಪು ಸರಿಸುವುದು 4 ಮಿಲಿಮೀಟರ್, ಅಂದರೆ ಮಿಲಿಮೀಟರಿಗೆ 800 ಪಲ್ಸ್. ನಿಮಿಷಕ್ಕೆ 2,000 ಮಿಲಿಮೀಟರ್ ವೇಗಕ್ಕೇ ಸೆಕೆಂಡಿಗೆ ಸುಮಾರು 26,700 ಪಲ್ಸ್ ಖರ್ಚಾಗುತ್ತದೆ. ದೊಡ್ಡ ಯಂತ್ರಕ್ಕೆ ನಾನು ಹಾಕಿದ್ದು ರ‍್ಯಾಕ್ ಎಂಬ ಹಲ್ಲಿನ ಪಟ್ಟಿ ಮತ್ತು ಅದರ ಮೇಲೆ ಉರುಳುವ 20 ಹಲ್ಲಿನ ಚಕ್ರ, ಪಿನಿಯನ್. ಬೆಲ್ಟಿನಿಂದ ಮೂರು ಪಟ್ಟು ವೇಗ ಇಳಿಸಿದ ಮೇಲೂ ಮಿಲಿಮೀಟರಿಗೆ ಬೇಕಾದದ್ದು 61 ಪಲ್ಸ್ ಮಾತ್ರ. ನಿಮಿಷಕ್ಕೆ 10 ಮೀಟರ್ ಓಡಿಸಿದರೂ ಸೆಕೆಂಡಿಗೆ 10,200 ದಾಟುವುದಿಲ್ಲ. ಹೀಗೆ ಮಿಲಿಮೀಟರಿಗೆ ಎಷ್ಟು ಪಲ್ಸ್ ಎಂದು ಜಿಆರ್‌ಬಿಎಲ್‌ಗೆ ತಿಳಿಸುವ $100, $101 ಸಾಲುಗಳ ಅಂಕಿ ತಿದ್ದಿದೆ, ಹೊಸ ಯಂತ್ರ ಓಡಿತು.

ಓಡಿತು ನಿಜ, ಆದರೆ ಮೊದಲ ತೇಗದ ಹಲಗೆ ಹಾಳಾಯಿತು. ನಡುವಿನ ಬಳ್ಳಿ ಚೆನ್ನಾಗಿ ಬಂದು, ಕೊನೆಯ ಅಂಚಿನ ಗೆರೆ 3 ಮಿಲಿಮೀಟರ್ ಪಕ್ಕಕ್ಕೆ ಸರಿದಿತ್ತು. ತಪ್ಪು ನನ್ನದೇ: ವೇಗೋತ್ಕರ್ಷದ $121 ಸಾಲಿನಲ್ಲಿ 500 ಎಂದು ಬರೆದಿದ್ದೆ. ಕಟರನ್ನು ಹೊತ್ತು ಮೇಜಿನ ಮೇಲೆ ಓಡುವ ಭಾರವಾದ ಅಡ್ಡತೊಲೆಯನ್ನು (ಗ್ಯಾಂಟ್ರಿ) ಅಷ್ಟು ಬೇಗ ಎಳೆಯಲಾಗದೆ ಮೋಟರ್ ಹೆಜ್ಜೆ ತಪ್ಪಿಸಿತ್ತು, ಮೋಟರ್ ನಿಜಕ್ಕೂ ತಿರುಗಿತೋ ಇಲ್ಲವೋ ಎಂದು ತಿಳಿಯುವ ದಾರಿ ಜಿಆರ್‌ಬಿಎಲ್‌ಗೆ ಇಲ್ಲದ್ದರಿಂದ ಅದು ತನ್ನ ಪಾಡಿಗೆ ಪಲ್ಸ್ ಕಳಿಸುತ್ತಲೇ ಇತ್ತು. ಆ ಅಂಕಿಯನ್ನು 150 ಕ್ಕೆ ಇಳಿಸಿದ ಮೇಲೆ ಗೆರೆ ಜಾಗಕ್ಕೆ ಬಂತು.

ಗಾತ್ರದೊಂದಿಗೆ ಬಂದ ಇನ್ನೊಂದು ತೊಡಕು ಗ್ಯಾಂಟ್ರಿಯ ಎರಡು ಬದಿಯ ಎರಡು ಮೋಟರ್‌ಗಳದು. ಎರಡಕ್ಕೂ ಒಂದೇ ಸಿಗ್ನಲ್ ಕೊಟ್ಟಿದ್ದೆ. ವಿದ್ಯುತ್ ಹೋಗಿ ಬಂದಾಗಲೆಲ್ಲ ಗ್ಯಾಂಟ್ರಿ ಕೂದಲೆಳೆಯಷ್ಟು ಓರೆಯಾಗಿರುತ್ತಿತ್ತು. ಈಗ ಎರಡೂ ಬದಿಗೆ ಕಬ್ಬಿಣದ ತಡೆ ಬೋಲ್ಟ್ ಮಾಡಿದ್ದೇನೆ. ಸ್ವಿಚ್ ಒತ್ತುವ ಮೊದಲು ಗ್ಯಾಂಟ್ರಿಯನ್ನು ಕೈಯಿಂದ ಅದಕ್ಕೆ ತಾಗಿಸುತ್ತೇನೆ. ನಾಲ್ಕು ಮೂಲೆಗೆ ತೂತು ಹಾಕಿ, ಕರ್ಣಗಳನ್ನು ಟೇಪಿನಲ್ಲಿ ಅಳೆಯುವುದು ತಿಂಗಳಿಗೊಮ್ಮೆಯ ಕೆಲಸ. ಕಟರ್ ತಿರುಗಿಸುವ ಸ್ಪಿಂಡಲ್‌ನ ವೇಗ ನಿಯಂತ್ರಿಸುವ ವಿಎಫ್‌ಡಿ ಎಬ್ಬಿಸುವ ವಿದ್ಯುತ್ ಗದ್ದಲಕ್ಕೆ, ಅಂಚು ತಲುಪಿದ್ದನ್ನು ತಿಳಿಸುವ ಲಿಮಿಟ್ ಸ್ವಿಚ್ ಸುಮ್ಮಸುಮ್ಮನೆ ಅಲಾರಂ ಕೊಡುತ್ತಿತ್ತು. ಶೀಲ್ಡ್ ಕೇಬಲ್ ಎಳೆದ ಮೇಲೆ ನಿಂತಿತು.

ಕಳೆದ ವರ್ಷ ಪೀಣ್ಯದ ಗೆಳೆಯರೊಬ್ಬರ ಹಳೆಯ ಮಿಲ್ಲಿಂಗ್ ಯಂತ್ರಕ್ಕೆ ತಾನು ಎಷ್ಟು ತಿರುಗಿದೆನೆಂದು ತಿಳಿಸುವ ಎನ್‌ಕೋಡರ್ ಇರುವ ಸರ್ವೋ ಮೋಟರ್ ಕೂರಿಸಿದೆವು. ಅದಕ್ಕೆ ಆರಿಸಿಕೊಂಡದ್ದು, ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯ ಇಎಂಸಿ ಎಂಬ ಯಂತ್ರ ನಿಯಂತ್ರಣ ಯೋಜನೆಯಿಂದ ಬೆಳೆದು ಬಂದ ಲಿನಕ್ಸ್‌ಸಿಎನ್‌ಸಿ ಸಾಫ್ಟ್‌ವೇರ್. ಎನ್‌ಕೋಡರ್ ತಿಳಿಸುವ ಸ್ಥಾನವನ್ನು ಅದು ಸಾಮಾನ್ಯವಾಗಿ ಪ್ರತಿ ಮಿಲಿಸೆಕೆಂಡಿಗೊಮ್ಮೆ ನೋಡಿ, ಇರಬೇಕಾದ ಜಾಗದೊಂದಿಗೆ ಹೋಲಿಸುತ್ತದೆ. ಮೂರನೆಯ ದಿನ, ಕಬ್ಬಿಣದ ತುಂಡಿಗೆ ಕಟರ್ ಆಳವಾಗಿ ಸಿಕ್ಕಿಕೊಂಡಾಗ, ‘ಫಾಲೋಯಿಂಗ್ ಎರರ್’ (ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ಅಂತರ ಮಿತಿಮೀರಿದೆ) ಎಂದು ಪರದೆಯ ಮೇಲೆ ತೋರಿಸಿ ಯಂತ್ರ ತಾನಾಗಿಯೇ ನಿಂತಿತು. ಗೆಳೆಯರು ಗಾಬರಿಯಾದರು, ನನಗೆ ಆ ತೇಗದ ಹಲಗೆ ನೆನಪಾಗಿ ನಗು ಬಂತು.